ಗಿಡ್ಡ ಪೈಲ್ವಾನನ ದಪ್ಪ ಹೆಂಡತಿ

ನಾನು ಮದುವೆಯಾಗಿ ಹಳೇ ಹುಬ್ಬಳ್ಳಿಯ ನೇಕಾರರ ಓಣಿಗೆ ಕಾಲಿಟ್ಟ ದಿನ ಅಲ್ಲಿನ ಹೆಂಗಸರು ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕರು. ನಕ್ಕರೆಂದು ಅವರನ್ನು ಬೈಯಲಾರೆ. ನಾನು ಆಗಲೇ ಎತ್ತರವಾಗಿದ್ದೆ, ಅಗಲವಾಗಿಯೂ ಇದ್ದೆ. ನಮ್ಮಪ್ಪ ಮಗ್ಗ ಬಿಟ್ಟು ಸುಳ್ಳ ಎಂಬ ಹಳ್ಳಿಯಲ್ಲಿ ಹೊಲ ಹಿಡಿದವನು. ಹತ್ತಿಯ ಗಂಟು ಹೊತ್ತು, ಜೋಳದ ರೊಟ್ಟಿ ತಿಂದು ಬೆಳೆದ ಮೈ ನನ್ನದು. ಪಕ್ಕದಲ್ಲಿ ನಿಂತ ವರ ಬಾಸಿಂಗ ಕಟ್ಟಿಕೊಂಡರೂ ನನ್ನ ಕಿವಿಯ ಮಟ್ಟಕ್ಕೆ ಬರುತ್ತಿದ್ದರು. ಅದೂ ಸಾಲದೆಂಬಂತೆ, ಹುಡುಗ ಪೈಲ್ವಾನ ಎಂದು ಮಾತುಕತೆಯಲ್ಲಿ ನಮಗೆ ಹೇಳಿದ್ದರು. ಅಂತರಪಟ ಸರಿದಾಗ, ಆ ಪೈಲ್ವಾನ ಇವರ ಹಿಂದೆಲ್ಲಾದರೂ ನಿಂತಿದ್ದಾನೋ ಎಂದು ನಾನು ಇಣುಕಿ ನೋಡಿದ್ದುಂಟು.

ಖಾದಿ ಟೊಪ್ಪಿಗೆಯವರನ್ನು ಪೊಲೀಸರು ಹಿಡಿದು ಒಯ್ಯುತ್ತಿದ್ದ ಕಾಲ ಅದು. ಓಣಿಯ ಕಟ್ಟೆಗಳ ಮೇಲೆಲ್ಲ ದೇಶದ ಮಾತು, ನಮ್ಮ ಮನೆಯಲ್ಲಿ ಮಾತ್ರ ಕುಸ್ತಿಯ ಮಾತು. ನಮ್ಮ ಮನೆಯವರು ನಸುಕಿನಲ್ಲಿ ಗರಡಿಗೆ ಹೋಗಿ ಕೆಮ್ಮಣ್ಣಿನಲ್ಲಿ ಹೊರಳಿ ಬಂದು, ಮೈ ತೊಳೆದುಕೊಂಡು, ಕುಣಿಯಲ್ಲಿ ಕಾಲು ಇಳಿಬಿಟ್ಟು ಮಗ್ಗಕ್ಕೆ ಕೂರುತ್ತಿದ್ದರು. ದಿನವಿಡೀ ಮಗ್ಗ ತುಳಿದ ಕಾಲುಗಳು ಗಟ್ಟಿಯಾಗಿದ್ದವು. ಮೇಲಿನ ಮೈ ಮಾತ್ರ ಏನು ತಿಂದರೂ ತುಂಬಿಕೊಳ್ಳಲಿಲ್ಲ. ಅತ್ತೆ ಹಾಲು ತುಪ್ಪ ಸುರಿದು ಸುರಿದು ಬೇಸತ್ತಿದ್ದರು. ಅದರ ಪಾಲೂ ನನ್ನ ಮೈಗೇ ಹತ್ತುತ್ತದೆ ಎಂದು ಅವರ ಗುಮಾನಿ.

ನನಗೆ ಕುಸ್ತಿಯೆಂದರೆ ಏನೂ ತಿಳಿಯದು. ನೂಲಿನ ಕಂಡಿಕೆ ಸುತ್ತುತ್ತ ಮಗ್ಗದ ಪಕ್ಕ ಕೂತರೆ ನಮ್ಮ ಮನೆಯವರೇ ಎಲ್ಲ ಹೇಳುತ್ತಿದ್ದರು. ಕುಸ್ತಿಯಲ್ಲಿ ಕೆಳಗೆ ಬೀಳುವುದು ಸೋಲಲ್ಲ, ಹೊಟ್ಟೆಯ ಮೇಲೆ ಎಷ್ಟು ಹೊತ್ತು ಬಿದ್ದಿದ್ದರೂ ನಡೆಯುತ್ತದೆ, ಬೆನ್ನಿಗೆ ಮಣ್ಣು ಹತ್ತಿದಾಗ ಆಟ ಮುಗಿಯಿತು. ಇಷ್ಟು ನನಗೆ ತಿಳಿಯಿತು. ಆಮೇಲೆ ಜೋಡಿಯ ವಿಷಯ. ಕುಸ್ತಿಯ ದಿನ ಪೈಲ್ವಾನರು ಅಖಾಡದ ಸುತ್ತ ಕೈ ಎತ್ತಿ ತಿರುಗುತ್ತಾರೆ. ಸರಿಸಮ ಮೈಯವನು ಬಂದು ಆ ಕೈ ಹಿಡಿದರೆ ಜೋಡಿಯಾಯಿತು. ಇವರ ಕೈ ಹಿಡಿಯುವವರೇ ಇರಲಿಲ್ಲ. ಇವರ ಅಳತೆಯವರೆಲ್ಲ ತೆಂಗಿನಕಾಯಿಗಾಗಿ ಆಡುವ ಸಾಲೆ ಹುಡುಗರು. ಇವರ ವಯಸ್ಸಿನವರೆಲ್ಲ ಕಂಬದಂಥ ಆಳುಗಳು. ಅಂಥವರಿಗೆ ಇವರನ್ನು ಕೆಡವಿದರೆ ಹೆಸರಿಲ್ಲ, ಇವರ ಕೈಯಲ್ಲಿ ಬಿದ್ದರೆ ಊರಲ್ಲಿ ಮುಖ ತೋರಿಸುವಂತಿಲ್ಲ. ಹಾಗಾಗಿ ವರ್ಷ ವರ್ಷವೂ ಇವರು ಲಂಗೋಟಿ ಕಟ್ಟಿ ಅಖಾಡ ಸುತ್ತಿ, ಅದೇ ಲಂಗೋಟಿ ಬಿಚ್ಚಿ ಮನೆಗೆ ಬರುತ್ತಿದ್ದರು.

ಆ ವರ್ಷ ಗಿರಣಿ ಬಟ್ಟೆಯ ಹೊಡೆತಕ್ಕೆ ಓಣಿಯಲ್ಲಿ ಅನೇಕ ಮಗ್ಗಗಳು ನಿಂತವು. ಅತ್ತೆಯ ತಮ್ಮ ಸೊಲ್ಲಾಪುರದ ಗಿರಣಿಯಲ್ಲಿದ್ದ. ಅಳಿಯನಿಗೆ ಕೆಲಸ ಹಚ್ಚಿಕೊಡುತ್ತೇನೆ, ಸುಗ್ಗಿ ಮುಗಿಯುತ್ತಲೇ ಕಳಿಸು ಎಂದು ಅಕ್ಕನಿಗೆ ಹೇಳಿ ಹೋದ. ಅತ್ತೆ ಒಪ್ಪಿಬಿಟ್ಟರು. ಅವನ ಒಂದೇ ಕೋಣೆಯ ಮನೆಯಲ್ಲಿ ಇವರೊಬ್ಬರೇ ಇರುವುದು, ನಾನು ಹುಬ್ಬಳ್ಳಿಯಲ್ಲಿ ಅತ್ತೆಯ ಬಳಿ ಇರುವುದು. ನನ್ನನ್ನು ಯಾರೂ ಕೇಳಲಿಲ್ಲ.

ಇವರು ತಾಯಿಯ ಮುಂದೆ ಎಂದೂ ಇಲ್ಲದ ಧೈರ್ಯ ಮಾಡಿದರು. "ಯವ್ವಾ, ಕುಸ್ತಿ ಕಲಸೂ ವಸ್ತಾದರಿಗೆ ವಯಸ್ಸಾತು. ಸಣ್ಣ ಮೈಯವರಿಗೆ ಕಲಸಾಕ ಗರಡ್ಯಾಗ ಒಬ್ಬಾಂವ ಬೇಕಾಗ್ಯಾನ. ನನಗಿಂತ ದೊಡ್ಡಾಂವನ್ನ ಒಮ್ಮೆ ಕೆಡವಿದ್ರ ಆ ಕೆಲಸ ನನಗ ಕೊಡ್ತೇನಿ ಅಂದಾರ. ಓಣಿಯವರು ಕಾಳು ಕೊಡ್ತಾರ, ಮಗ್ಗಾನೂ ನಡೀತೈತಿ."

"ಯಾಂವ ಹಿಡೀತಾನೋ ನಿನ್ನ ಕೈ?" ಎಂದರು ಅತ್ತೆ. ಆದರೂ ತಾಯಿಯ ಕರುಳು. "ಆತು. ಸುಗ್ಗಿ ಕುಸ್ತಿ ತನಕ ನೋಡೂನು. ಗೆದ್ದಿ, ಇರು. ಇಲ್ಲಾಂದ್ರ ಮರುದಿನಾನ ಗಾಡಿ ಹತ್ತಬೇಕು."

ನನಗೆ ಅಷ್ಟರಲ್ಲಿ ಆ ಮನುಷ್ಯ ತುಂಬ ಸೇರಿಬಿಟ್ಟಿದ್ದರು. ಈಗ ಹೇಳಲು ನಾಚಿಕೆಯೇನು? ಅತ್ತೆ ಕಾಣದಾಗ ನನ್ನ ಕೊಡ ಇಸಿದುಕೊಂಡು ಹೊಸ್ತಿಲವರೆಗೆ ಹೊರುತ್ತಿದ್ದರು. ಏನೇ ಹೇಳಿದರೂ ಕೊನೆಗೆ "ನಿನಗ ಏನ ಅನಸ್ತೈತಿ?" ಎನ್ನುತ್ತಿದ್ದರು. ತವರಲ್ಲಾಗಲಿ ಗಂಡನ ಮನೆಯಲ್ಲಾಗಲಿ ಆ ಪ್ರಶ್ನೆಯನ್ನು ನನಗೆ ಇನ್ನೊಬ್ಬರು ಕೇಳಿರಲಿಲ್ಲ. ಅಂಥವರನ್ನು ಸೊಲ್ಲಾಪುರಕ್ಕೆ ಕಳಿಸಿ ನಾನು ಅತ್ತೆಯ ಮುಖ ನೋಡುತ್ತ ಕೂರುವುದು ಹೇಗೆ?

ಕುಸ್ತಿಯ ದಿನ ಹತ್ತಿರವಾದಂತೆ ಅವರು ಗರಡಿಯ ನೇಮಕ್ಕೆ ಬಿದ್ದರು. ಲಂಗೋಟಿ ಕಟ್ಟಿದವನು ಕುಸ್ತಿ ಮುಗಿಯುವವರೆಗೆ ಗರಡಿಯಲ್ಲೇ ಮಲಗಬೇಕು, ಹೆಂಡತಿಯಿಂದ ದೂರ ಇರಬೇಕು. ಮನೆಗೆ ಬರುವುದು ಉಣ್ಣಲು ಮತ್ತು ನೇಯಲು ಮಾತ್ರ. ಹಾಗೆ ಬಂದ ಒಂದು ಮಧ್ಯಾಹ್ನ ಕೈಯಲ್ಲಿ ಮಗ್ಗದ ಲಾಳಿ ಹಿಡಿದುಕೊಂಡು ನೇಯದೆ ಕೂತಿದ್ದರು.

"ಏನಾತ್ರಿ?" ಎಂದೆ.

"ದೊಡ್ಡಾಂವ ಮ್ಯಾಲೆ ಬಿದ್ರ ಹೆಂಗ ಹೊರಗ ಬರೂದು ಅನ್ನೂದ ತಿಳೀವಲ್ದು. ಗರಡ್ಯಾಗ ಆ ಭಾರದಾವ್ರು ಯಾರೂ ನನ್ನ ಕೂಡ ತಾಲೀಮ ಮಾಡೂದಿಲ್ಲ. ಮೈಗೆ ಭಾರ ಹತ್ತದ ಕಲಿಯೂದು ಹೆಂಗ?"

"ಭಾರ ಬೇಕಂದ್ರ ಮನ್ಯಾಗ ಐತೆಲ್ರಿ" ಎಂದು ನಾನು ನಕ್ಕೆ. ಓಣಿಯವರು ಅನ್ನುವುದನ್ನು ನಾನೇ ಮೊದಲು ಅಂದುಕೊಂಡರೆ ನೋವು ಕಡಿಮೆ, ಅದು ನನ್ನ ಉಪಾಯ. ಅವರು ನಗಲಿಲ್ಲ. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಎದ್ದು ಬಾಗಿಲು ಮುಚ್ಚಿ, ನೆಲದ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, "ಕುಂಡ್ರು ಬಾ" ಎಂದರು.

ಕೂತೆ. ಮೊದಲ ದಿನ ಅವರಿಗೆ ಉಸಿರು ಬಿಡಲೂ ಆಗಲಿಲ್ಲ. ನನಗೆ ಹೆದರಿಕೆ, ಅದಕ್ಕಿಂತ ಹೆಚ್ಚು ನಗು. ಅತ್ತೆ ನೀರಿಗೆ ಹೋದ ಹೊತ್ತಿನಲ್ಲಿ ದಿನವೂ ಹೀಗೆ ನಡೆಯಿತು. ಮಗ್ಗದ ಪಕ್ಕ ಹಾಸಿದ ಹಳೆಯ ಕೌದಿಯೇ ನಮ್ಮ ಅಖಾಡ. ನಾನು ಸೆರಗು ಸೊಂಟಕ್ಕೆ ಬಿಗಿದು ಅವರನ್ನು ಒತ್ತಿ ಹಿಡಿಯುವುದು, ಅವರು ನನ್ನನ್ನು ಎತ್ತಿ ಒಗೆಯಲು ಒದ್ದಾಡುವುದು. ಎಷ್ಟು ಒದ್ದಾಡಿದರೂ ನಾನು ಮೇಲೆಯೇ.

ಒಂದು ದಿನ ಅವರು ಸೋತು, ಹಣೆಯನ್ನು ನೆಲಕ್ಕೆ ಹಚ್ಚಿ, ಎಂದಿನಂತೆ ಕೇಳಿದರು. "ನಿನಗ ಏನ ಅನಸ್ತೈತಿ?"

ನಾನು ಅವರ ಬೆನ್ನ ಮೇಲೆ ಕೂತೇ ಯೋಚಿಸಿದೆ. "ನೀವು ನನ್ನ ತಿರುಗಿ ನೂಕಿದಷ್ಟೂ ನನಗ ಛಲೋ ಆಗ್ತೈತ್ರಿ. ಗ್ವಾಡಿಗೆ ಒರಗಿದಂಗ ಇರ್ತೈತಿ. ಆಗಳೆ ನೀವು ದಣದು ಸುಮ್ಮನಾದ್ರೆಲ್ಲ, ಆಗ ಅಂಜಿಕಿ ಬಂತು."

"ಎಲ್ಲೆ ಬಂತು ಅಂಜಿಕಿ?"

"ಎಡಾ ಮೊಣಕಾಲಾಗ. ನಿಮ್ಮ ಕುತಗಿ ಒತ್ತಾಕ ಬಲಕ್ಕ ಬಾಗಿದ್ನಿ. ಎಡಾ ಮೊಣಕಾಲು ನೆಲಾ ಬಿಡ್ತು. ಬೀಳ್ತೇನಿ ಅನಸ್ತು."

ಅವರು ಕತ್ತು ಹೊರಳಿಸಿ ಆ ಮೊಣಕಾಲನ್ನೇ ನೋಡುತ್ತ ಮಲಗಿದ್ದರು. ಮತ್ತೆ ಶುರುವಾಯಿತು. ಈ ಸಲ ಸ್ವಲ್ಪವೇ ನೂಕಿದರು. ನಾನು ಒರಗಿದೆ. ನನ್ನ ಮಣಿಕಟ್ಟನ್ನು ತಮ್ಮ ಎದೆಯ ಕೆಳಗೆ ಸೆಳೆದುಕೊಂಡರು, ನಾನು ಇನ್ನಷ್ಟು ಬಾಗಿದೆ. ಮರುಗಳಿಗೆ ನನ್ನ ಕೆಳಗೆ ಗಂಡನೇ ಇಲ್ಲ! ನಾನು ಉರುಳಿ ಹೋಗಿ ಒರಳಿಗೆ ತಲೆ ಬಡಿಸಿಕೊಂಡೆ. ಅವರು ಓಡಿ ಬಂದು ನನ್ನ ತಲೆ ತಿಕ್ಕಿದರು, ತಿಕ್ಕುತ್ತಲೇ ನಕ್ಕರು, ನಾನೂ ನಕ್ಕೆ. ಆ ಮೈಯನ್ನು ಹೊತ್ತು ತಿರುಗುವವಳು ನಾನು. ಅದು ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂದು ನನಗಲ್ಲದೆ ಯಾರಿಗೆ ಗೊತ್ತಿರಬೇಕು? ಅಂದು ಮೊದಲ ಸಲ ನನ್ನ ಗಾತ್ರದ ಬಗ್ಗೆ ನನಗೆ ಹೆಮ್ಮೆಯಾಯಿತು.

ಆ ಹೆಮ್ಮೆ ಬಹಳ ದಿನ ಬಾಳಲಿಲ್ಲ. ಬಾವಿಯ ಹಗ್ಗ ಹರಿದು ಅತ್ತೆ ಒಂದು ಮಧ್ಯಾಹ್ನ ಬೇಗ ತಿರುಗಿ ಬಂದರು. ಬಾಗಿಲು ತಳ್ಳಿದರೆ ಕಂಡದ್ದೇನು? ಮಗ ನೆಲದ ಮೇಲೆ, ಸೊಸೆ ಅವನ ಬೆನ್ನೇರಿ ಕುತ್ತಿಗೆ ಹಿಡಿದಿದ್ದಾಳೆ.

"ಅಯ್ಯಯ್ಯ, ಕೊಂದ್ಲು! ನನ್ನ ಮಗನ್ನ ಕೊಂದ್ಲು!" ಕೊಡ ಬಿತ್ತು. ಓಣಿ ಕೂಡಿತು. ಮಗ ಬದುಕಿದ್ದಾನೆಂದು ಖಾತ್ರಿಯಾದ ಮೇಲೆ ಅವರಿಗೆ ಬೇರೆಯೇ ಯೋಚನೆ ಬಂತು. "ಲಂಗೋಟಿ ಕಟ್ಟಿದಾಂವ! ಹಾಡಹಗಲ ಹೆಂಡತಿ ಕೂಡ ಹೊಳ್ಯಾಡಾಕತ್ತಾನ! ನೇಮಾ ಮುರದಾನ!"

ಆ ಸುದ್ದಿ ಇವರಿಗಿಂತ ಮೊದಲು ಗರಡಿ ಮುಟ್ಟಿತು. ನೇಮ ಮುರಿದವನು ಈ ಸಲ ಮಣ್ಣಿಗೆ ಇಳಿಯಬಾರದು ಎಂದು ವಸ್ತಾದರು ಇವರನ್ನು ಹೊಸ್ತಿಲಿಂದಲೇ ಹಿಂದಕ್ಕೆ ಕಳಿಸಿದರು. ಇವರು ಬಾಯಿ ಬಿಡಲಿಲ್ಲ. ಬಿಡುವುದಾದರೂ ಹೇಗೆ? ನೇಮ ಮುರಿಯಲಿಲ್ಲ, ಹೆಂಡತಿ ನನ್ನನ್ನು ಕೆಳಗೆ ಹಾಕಿ ಕೂರುತ್ತಾಳೆ ಅಷ್ಟೇ ಎಂದು ಅಷ್ಟು ಗಂಡಸರ ಮುಂದೆ ಯಾವ ಪೈಲ್ವಾನ ಹೇಳಿಯಾನು? ಮನೆಗೆ ಬಂದು ಮಗ್ಗಕ್ಕೆ ಕೂತರು. ಅತ್ತೆ ಸೊಲ್ಲಾಪುರದ ಗಾಡಿಯ ಹೊತ್ತು ವಿಚಾರಿಸತೊಡಗಿದರು.

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಸಿಟ್ಟು ಒಳ್ಳೆಯದೆಂದು ಯಾರೂ ಹೇಳಿದ್ದಿಲ್ಲ, ಆದರೆ ಅಂದು ಅದು ಕೆಲಸಕ್ಕೆ ಬಂತು. ಗರಡಿಯೊಳಗೆ ಹೆಂಗಸರು ಕಾಲಿಡುವಂತಿಲ್ಲ. ಗರಡಿಯ ಹಿಂದೆ ವಸ್ತಾದರ ಮನೆಯಿತ್ತು, ಅಲ್ಲಿಗೆ ಹೋಗಬಾರದೆಂದು ಯಾವ ನೇಮವೂ ಇರಲಿಲ್ಲ. ತಲೆ ತುಂಬ ಸೆರಗು ಹೊದ್ದು ನಡೆದೆ.

ವಸ್ತಾದರು ಮುಸಲ್ಮಾನ ಮುದುಕರು. ಕಿವಿಗಳೆರಡೂ ಕುಸ್ತಿಯಲ್ಲಿ ಮುದುಡಿ ಹೋಗಿದ್ದವು. ಅವರ ಹೆಂಡತಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ನನ್ನನ್ನು ಕಂಡಕೂಡಲೇ ವಸ್ತಾದರು ಮರ್ಯಾದೆಗೆ ಗೋಡೆಯ ಕಡೆ ಮುಖ ತಿರುಗಿಸಿ ಕೂತರು. ನಾನು ಅವರ ಬೆನ್ನಿಗೇ ಎಲ್ಲ ಹೇಳಿದೆ. ಹೇಳಿ ಮುಗಿಯುವಷ್ಟರಲ್ಲಿ ಮೈಯೆಲ್ಲ ಬೆವರು.

ಗೋಡೆಯೇ ಮಾತಾಡಿದಂತೆ ಪ್ರಶ್ನೆ ಬಂತು. "ನೀ ಮ್ಯಾಲೆ ಇದ್ದಾಗ ಅಂವ ಯಾ ಕಡೆ ಹೊಳ್ಳತಿದ್ದ ಮಗಳ?"

"ನಾ ಭಾರ ಹಾಕಿದ ಕಡೇನ ರೀ, ಕಾಕಾ."

"ಭಾರ ಇದ್ದ ಕಡೇನ? ಭಾರ ಇಲ್ಲದ ಕಡೆ ಅಲ್ಲಾ?"

"ಅಲ್ರಿ. ಭಾರ ಇಲ್ಲದ ಕಡೆ ಹೊಳ್ಳಿದ್ರ ನಾ ಬಿಡೂದಿಲ್ರಿ. ಭಾರ ಹಾಕಿದ ಕಡೆ ನಾನ ಬೀಳಾಕ ತಯಾರ ಇರ್ತೇನಿ. ಅವರು ಬರೇ ಹಾದಿ ಬಿಡ್ತಾರ."

ಅವರು ಮರ್ಯಾದೆ ಮರೆತು ಪೂರ್ತಿ ನನ್ನ ಕಡೆ ತಿರುಗಿದರು. "ಕೈ? ನಿನ್ನ ಕೈ ಎಲ್ಲೆ ಇರ್ತಿತ್ತು?"

"ಮಣಿಕಟ್ಟು ಹಿಡದು ಎದಿ ಕೆಳಗ ಒತ್ತಿಕೊಂಡಿರ್ತಾರ್ರಿ. ನಾ ಕೈ ಊರಬಾರ್ದಂತ."

ಅವರ ಹೆಂಡತಿ ಮೊರ ಕೆಳಗಿಟ್ಟು ಬಿದ್ದು ಬಿದ್ದು ನಕ್ಕರು. "ನಮ್ಮ ಈ ಮುದುಕನ್ನೂ ಒಮ್ಮೆ ಕೆಡವು ಬಾರವ್ವಾ!"

ವಸ್ತಾದರು ನಗಲಿಲ್ಲ. "ಇದು ಸಂಸಾರ ಅಲ್ಲ, ತಾಲೀಮ" ಎಂದರು. "ಅಂವ ನಾಳಿಗೆ ಬರ್ಲಿ. ಆದ್ರ ನಿನ್ನ ಕಲಸೂದು ಇಲ್ಲಿಗೆ ಮುಗೀತು ಮಗಳ. ಕುಸ್ತಿ ಆಗೂತನಕ ದೂರ ಇರು." ನಾನು ಮನೆಗೆ ಬರುವಾಗ ನಡೆಯಲಿಲ್ಲ, ಓಡಿದೆ.

ಸುಗ್ಗಿ ಕುಸ್ತಿ ಆ ವರ್ಷ ನನ್ನ ತವರಾದ ಸುಳ್ಳದಲ್ಲೇ ನಿಗದಿಯಾಯಿತು. ಕಪ್ಪು ಎರೆಭೂಮಿಯ ಊರು. ಅಖಾಡಕ್ಕೆಂದು ಧಾರವಾಡದ ಕಡೆಯಿಂದ ಚಕ್ಕಡಿಗಳಲ್ಲಿ ಕೆಮ್ಮಣ್ಣು ತರಿಸಿದ್ದರು. ಗಂಡಸರು ಅಖಾಡದ ಸುತ್ತ, ಹೆಂಗಸರು ಮಾಳಿಗೆಗಳ ಮೇಲೆ. ನಮ್ಮ ಮನೆಯ ಮಾಳಿಗೆಯ ಅಂಚಿನಲ್ಲಿ ನನ್ನ ಒಂದು ಪಕ್ಕ ನಮ್ಮವ್ವ, ಇನ್ನೊಂದು ಪಕ್ಕ ಅತ್ತೆ.

ಜೋಡಿಗಳು ಒಂದೊಂದಾಗಿ ಆಡಿ ಮುಗಿದವು. ಎಂದಿನಂತೆ ಇವರ ಕೈಯನ್ನು ಯಾರೂ ಹಿಡಿಯಲಿಲ್ಲ. ಕೊನೆಗೆ ಉಳಿದವನು ಊರಿನ ದೊಡ್ಡ ಪೈಲ್ವಾನ. ತವರಿನ ನಮ್ಮ ಓಣಿಯವನೇ, ಚಿಕ್ಕಂದಿನಿಂದ ನಾನು ಅಣ್ಣ ಎಂದು ಕರೆದವನು. ಕೆಸರಲ್ಲಿ ಸಿಕ್ಕ ಚಕ್ಕಡಿಯನ್ನು ಹೆಗಲು ಕೊಟ್ಟು ಎತ್ತುವ ಆಳು. ಅವನಿಗೆಂದು ಕೊಲ್ಲಾಪುರದ ಕಡೆಯಿಂದ ಮೊದಲೇ ಗೊತ್ತುಮಾಡಿದ್ದ ಜೋಡಿಯವನು ಬಂದಿರಲಿಲ್ಲ. ಒಮ್ಮೆ ಅಖಾಡಕ್ಕಿಳಿದು ಹಣೆಗೆ ಮಣ್ಣು ಹಚ್ಚಿಕೊಂಡವನು ಆಡದೆ ಮೇಲೆ ಬರಬಾರದೆಂಬುದು ಪದ್ಧತಿ. ಅಣ್ಣ ಕೈ ಎತ್ತಿ ಸುತ್ತು ಹಾಕಿದ. ದೊಡ್ಡ ದೊಡ್ಡ ಪೈಲ್ವಾನರು ನೆಲ ನೋಡಿದರು.

ಇವರು ಇಳಿದು ಹೋಗಿ ಆ ಕೈ ಹಿಡಿದರು. ಊರಿಗೆ ಊರೇ ನಕ್ಕಿತು. ಹಲಗೆ ಬಾರಿಸುವವನೂ ಬಾರಿಸುವುದು ಬಿಟ್ಟು ನಕ್ಕ.

"ಬ್ಯಾಡ್ರಿ ಭಾವಾರ" ಎಂದ ಅಣ್ಣ. ಅವನ ದನಿ ಮಾಳಿಗೆಯವರೆಗೂ ಕೇಳಿಸಿತು. "ನಮ್ಮೂರ ಅಳಿಯಾ ನೀವು. ಎಲುಬು ಗಿಲುಬು ಮುರದ್ರ ತಂಗಿಗೆ ಏನ ಹೇಳ್ಲಿ?"

ಇವರು ಕೈ ಬಿಡಲಿಲ್ಲ. "ಹಿಡದ ಕೈ ಬಿಡಸೂಹಂಗಿಲ್ಲ" ಎಂದು ನಮ್ಮ ವಸ್ತಾದರು ಎದ್ದು ನಿಂತರು. ಹಿರಿಯರು ತಮ್ಮಲ್ಲೇ ಮಾತಾಡಿಕೊಂಡು ಹೂಂ ಎಂದರು.

ಶುರುವಾದದ್ದೇ ತಡ, ಅಣ್ಣ ಇವರನ್ನು ಸೊಂಟ ಹಿಡಿದು ಎತ್ತಿ ಒಗೆದ. ಇವರು ಹೊಟ್ಟೆ ಅಡಿಯಾಗಿ ಬಿದ್ದರು. ಅಣ್ಣ ಮೇಲೆ ಬಿದ್ದ. ಆಮೇಲೆ ನಮಗೆ ಕಂಡದ್ದು ಅಣ್ಣನ ಬೆನ್ನು ಮಾತ್ರ. ಅತ್ತೆ ಕಣ್ಣು ಮುಚ್ಚಿಕೊಂಡು, "ಸಾಕೋ, ಎದ್ದು ಬಾರೋ" ಎಂದು ಗೊಣಗತೊಡಗಿದರು. ನಮ್ಮವ್ವ ಅಳಿಯನ ಕಡೆಯೋ ಊರಿನ ಕಡೆಯೋ ತಿಳಿಯದೆ ಸುಮ್ಮನೆ ಚೀರುತ್ತಿದ್ದಳು.

ಅಣ್ಣ ಕುತ್ತಿಗೆ ಒತ್ತಲು ಬಲಕ್ಕೆ ಬಾಗಿದ. ಈಗ, ಎಂದುಕೊಂಡೆ. ಇವರು ಹೊರಳಿದರು. ಏನೂ ಆಗಲಿಲ್ಲ. ಅಣ್ಣನ ಎಡ ಮೊಣಕಾಲು ನೆಲ ಬಿಟ್ಟಿರಲಿಲ್ಲ. ಅವನು ನನ್ನಂತೆ ಸೀರೆ ಉಟ್ಟು ಕೂತಿರಲಿಲ್ಲ. ಕಾಲನ್ನು ಅಗಲಕ್ಕೆ ಚಾಚಿ ಊರಿದ್ದ. ಅದನ್ನು ನಾನು ಅವರಿಗೆ ಹೇಳಿಕೊಟ್ಟಿರಲಿಲ್ಲ, ಹೇಳಿಕೊಡಲು ನನಗೆ ತಿಳಿದೂ ಇರಲಿಲ್ಲ. ಹೋಯಿತು, ನಾಳೆ ಗಾಡಿ ಎಂದುಕೊಂಡೆ.

ಇವರು ಮತ್ತೆ ಹೊರಳಲು ಹೋಗಲಿಲ್ಲ. ತೀರ ಸೋತವರಂತೆ ಮಲಗಿದರು. ಅಣ್ಣ ಒತ್ತಿದ, ಎಳೆದ, ಮಗುಚಲು ನೋಡಿದ. ಇವರು ಅವನ ಮಣಿಕಟ್ಟು ಒಂದನ್ನು ಮಾತ್ರ ಬಿಡದೆ ಹಿಡಿದಿದ್ದರು. ಹೊತ್ತು ಹೋಯಿತು. ಊರವರಿಗೆ ಬೇಸರ ಬಂತು. "ಏನ್ ನೋಡಾಕತ್ತಿ? ಲಗೂ ಮುಗಸೋ!" ಎಂದು ಒಬ್ಬ ಕೂಗಿದ, ಆಮೇಲೆ ಎಲ್ಲರೂ ಕೂಗಿದರು. ಗಿಡ್ಡ ಅಳಿಯನ ಮೇಲೆ ಇಷ್ಟು ಹೊತ್ತು ಬಿದ್ದಿರುವುದೇ ಅಣ್ಣನಿಗೆ ಅವಮಾನವಾಗಿರಬೇಕು. ಇವರ ಆಚೆಯ ತೋಳನ್ನು ಹಿಡಿಯಲು ಮೈಯೆಲ್ಲ ಚಾಚಿ ಬಾಗಿದ. ಮೊಣಕಾಲು ಮಣ್ಣು ಬಿಟ್ಟಿತು.

"ಬಿಟ್ಟ! ಮೊಣಕಾಲ ಬಿಟ್ಟ!" ಎಂದು ನಾನು ಮಾಳಿಗೆಯ ಅಂಚಿಗೆ ಬಂದು ಕಿರುಚಿದೆ. ಅವ್ವ ನನ್ನ ಸೆರಗು ಹಿಡಿದು ಜಗ್ಗದಿದ್ದರೆ ಅಂದು ನಾನೇ ಅಖಾಡಕ್ಕೆ ಬೀಳುತ್ತಿದ್ದೆ. ನನ್ನ ಕೂಗು ಅವರಿಗೆ ಕೇಳಿಸಿರಲಿಕ್ಕಿಲ್ಲ. ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. ಅಣ್ಣ ಯಾವ ಕಡೆ ಬಾಗಿದ್ದನೋ ಆ ಕಡೆಯೇ ಅವರು ಜಾರಿದರು. ಅಷ್ಟು ದೊಡ್ಡ ಮೈ ಬೆನ್ನ ಮೇಲಾಗಿ ಮಣ್ಣಿಗೆ ಬಿತ್ತು. ಎದೆಯ ಮೇಲೆ ನಮ್ಮ ಮನೆಯವರು ಹಲ್ಲಿಯಂತೆ ಕಚ್ಚಿಕೊಂಡಿದ್ದರು.

ನಮ್ಮ ವಸ್ತಾದರು ತೊಡೆ ತಟ್ಟಿದ ಸದ್ದು ಮೊದಲು ಕೇಳಿಸಿತು. ಆಮೇಲೆ ಎದ್ದ ಗದ್ದಲವನ್ನು ನಾನು ಇನ್ನೂ ಮರೆತಿಲ್ಲ. ಸೋತವನು ಊರಿನ ಮಗ, ಗೆದ್ದವನು ಊರಿನ ಅಳಿಯ. ಕುಣಿಯಲು ಅವರಿಗೇನು ಅಡ್ಡಿ? ತಲೆಗೆ ಪಟಕಾ ಸುತ್ತಿ ಇವರನ್ನು ಹೆಗಲ ಮೇಲೆ ಹೊತ್ತು ತಿರುಗಿಸಿದರು. ಸಣ್ಣ ಮೈಯವರೆಲ್ಲ ಇನ್ನು ಮೇಲೆ ಇವನ ಶಿಷ್ಯರು ಎಂದು ವಸ್ತಾದರು ಅಲ್ಲೇ ಎಲ್ಲರ ಮುಂದೆ ಹೇಳಿದರು. ನಾನು ಮಾಳಿಗೆಯ ಮೇಲೆ ಕೂತು ಅತ್ತುಬಿಟ್ಟೆ. ಸಂತೋಷಕ್ಕೆ ಅಷ್ಟು ಅತ್ತದ್ದು ಅದೊಂದೇ ಸಲ.

ಇಳಿಹೊತ್ತಿಗೆ ಇವರು ನಮ್ಮ ಹಿತ್ತಲಲ್ಲಿ ಮೈ ತೊಳೆದುಕೊಳ್ಳುತ್ತಿದ್ದಾಗ ಅಣ್ಣ ಬಂದ. ಬೆನ್ನ ಮೇಲಿನ ಕೆಮ್ಮಣ್ಣು ಇನ್ನೂ ಹಾಗೆಯೇ ಇತ್ತು. ಜಗಳಕ್ಕೆ ಬಂದನೇನೋ ಎಂದು ಅವ್ವ ಹೆದರಿದಳು. ಅವನು ಪಡಸಾಲೆಯಲ್ಲಿ ಕೂತು, ಎಷ್ಟೋ ಹೊತ್ತು ತನ್ನ ಮೊಣಕಾಲು ತಿಕ್ಕಿಕೊಂಡು ನನ್ನನ್ನು ಕೇಳಿದ.

"ತಂಗಿ, ಭಾವಾರು ಸೊಲ್ಲಾಪುರಕ್ಕ ಹೊಂಟಾರಂತ ಮಂದಿ ಅಂತಾರ. ಖರೇ ಏನು?"

ನಾನು ಅತ್ತೆಯ ಕಡೆ ನೋಡಿದೆ. ಸೊಲ್ಲಾಪುರಕ್ಕೆಂದು ಮಗನ ಅರಿವೆಗಳನ್ನು ಕಟ್ಟಿ ತಂದಿದ್ದ ಗಂಟು ಅವರ ಮಡಿಲಲ್ಲೇ ಇತ್ತು. ಮಗ ಸೋಲುತ್ತಾನೆಂದು ಅಷ್ಟು ನಂಬಿಕೆ.

"ಕಳಸಬ್ಯಾಡ ತಂಗಿ" ಎಂದ ಅಣ್ಣ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು. "ಇಷ್ಟ ಮಂದಿ ಮುಂದ ಬಿದ್ದೇನಿ. ಅವರು ಹೋದ್ರ ನಾ ಯಾರ ಕೂಡ ಹೊಳ್ಳಿ ಆಡ್ಲಿ? ಮುಂದಿನ ವರ್ಷ ನನಗ ಅವರ ಬೇಕು."

"ಅವರು ಎಲ್ಲೂ ಹೋಗೂದಿಲ್ಲಣ್ಣ" ಎಂದೆ.

ಅತ್ತೆ ಇರುವಾಗ ಸೊಸೆ ಹಾಗೆ ತೀರ್ಮಾನ ಹೇಳುವ ಕಾಲ ಅದಲ್ಲ. ಹಿತ್ತಲಲ್ಲಿ ನೀರು ಸುರಿಯುವ ಸದ್ದು ನಿಂತಿತು. ಅವ್ವ ಒಲೆಯ ಮುಂದಿನಿಂದ ತಲೆ ಎತ್ತಿದಳು. ನಾನು ತಲೆ ತಗ್ಗಿಸಲಿಲ್ಲ.

ಅತ್ತೆ ಗಂಟು ಬಿಚ್ಚಿದರು. ಮೇಲಿದ್ದ ಹೊಸ ಟವಲು ತೆಗೆದು ನನ್ನ ಕೈಗೆ ಕೊಟ್ಟು, "ಮೈ ಒರಸ್ಕೊಳ್ಳಾಕ ಕೊಡು ಹೋಗ, ಥಂಡ್ಯಾಗ ನಿಂತಾನ" ಎಂದರು.